ಎತ್ತಿನ ಬಿಡಾರ, ಕುದುರೆಯ ಬಿಡಾರ

(ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿ. ಶಿವರಾತ್ರಿಗೆ ಇನ್ನು ಮೂರು ವಾರ. ಸುತ್ತಲ ತೋಪುಗಳಲ್ಲಿ ಮಾವು ಹೂ ಬಿಟ್ಟಿದೆ. ತಾತ ಜಗಲಿ ಮೇಲೆ ಕೂತು ಮೊರದಲ್ಲಿ ಹುರುಳಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಾರೆ. ಬೆಂಗಳೂರಿನಿಂದ ಬಂದ ಮೊಮ್ಮಗಳು ಪಕ್ಕದಲ್ಲಿ ಕೂತಿದ್ದಾಳೆ.)

ಮೊಮ್ಮಗಳು: ತಾತ, ಒಂದು ಮಾತು ಕೇಳಬೇಕಿತ್ತು. ನಗಬಾರದು.

ತಾತ: ನಗೋದು ಬಿಡೋದು ಆಮೇಲೆ. ಹೇಳು.

ಮೊಮ್ಮಗಳು: ಮಾಲೂರಿನ ಹತ್ತಿರ ನಾನು ಸವಾರಿ ಕಲಿಯೋ ಜಾಗ ಇದೆಯಲ್ಲ, ಅಲ್ಲಿಯ ಒಂದು ಕುದುರೆ ನನಗೆ ಚೆನ್ನಾಗಿ ಹೊಂದಿಕೊಂಡಿದೆ. ರೇಸಲ್ಲಿ ಓಡಿ ನಿವೃತ್ತಿ ಆದದ್ದು. ಅದನ್ನ ಕರ್ಕೊಂಡು ಒಂದು ರಾತ್ರಿ ಎಲ್ಲಾದರೂ ಹೊರಗೆ ಉಳೀಬೇಕು ಅಂತ ಆಸೆ. ಒಂದು ಟೆಂಟು, ಸ್ವಲ್ಪ ಬೆಂಕಿ, ಮೇಲೆ ನಕ್ಷತ್ರ, ಪಕ್ಕದಲ್ಲಿ ಕುದುರೆ.

ತಾತ: ನಕ್ಷತ್ರ ಎಲ್ಲಾ ಸರಿ. ನೀರೆಲ್ಲಿ?

ಮೊಮ್ಮಗಳು: ನೀರು ಅಲ್ಲೇ ಎಲ್ಲಾದರೂ ಸಿಗುತ್ತೆ.

ತಾತ: ಕೋಲಾರ ಜಿಲ್ಲೇಲಿ ಹುಟ್ಟಿದವಳ ಮಗಳು ಆಡೋ ಮಾತಾ ಇದು? ವರ್ಷಪೂರ್ತಿ ಹರಿಯೋ ಹೊಳೆ ಒಂದಿಲ್ಲ ನಮಗೆ. ಪಾಲಾರ್ ಅಂತ ಹೆಸರಿಗೆ ಒಂದು ನದಿ ಐತೆ, ಮಳೆ ಬಂದಾಗ ನೆನಪಾಗ್ತದೆ. ನಿನ್ನ ಕುದುರೆ ದಿನಕ್ಕೆ ಎಷ್ಟು ನೀರು ಕುಡೀತದೆ?

ಮೊಮ್ಮಗಳು: ಮೂವತ್ತು ನಲವತ್ತು ಲೀಟರ್. ಬಿಸಿಲಲ್ಲಿ ನಡೆದಿದ್ದರೆ ಇನ್ನೂ ಜಾಸ್ತಿ.

ತಾತ: ನೀನು?

ಮೊಮ್ಮಗಳು: ಮೂರು ಲೀಟರ್ ಅಂದುಕೊಳ್ಳಿ.

ತಾತ: ಹಾಗಿದ್ದರೆ ಬಿಡಾರ ನಿಂದಲ್ಲ, ಕುದುರೇದು. ನೀನು ಅದರ ಜತೆಗೆ ಹೋಗೋ ಆಳು. ಅಷ್ಟು ತಿಳ್ಕೊಂಡರೆ ಮಿಕ್ಕಿದ್ದು ಹೇಳಿಕೊಡಬಹುದು.

ಮೊಮ್ಮಗಳು: ನಿಮಗೆ ಕುದುರೆ ಗೊತ್ತಾ ತಾತ?

ತಾತ: ಕುದುರೆ ಗೊತ್ತಿಲ್ಲ. ಎತ್ತು ಗೊತ್ತು. ಆವಣಿ ಜಾತ್ರೆಗೆ ವರ್ಷಾವರ್ಷ ಜೋಡಿ ಹೊಡ್ಕೊಂಡು ಹೋಗ್ತಿದ್ದವನು ನಾನು. ಶಿವರಾತ್ರಿ ಆಸುಪಾಸು ಬಯಲಲ್ಲಿ ಬಿಡಾರ. ತಲೆ ಮೇಲೆ ಸೂರಿಲ್ಲ, ಲೈಟಿಲ್ಲ, ನಲ್ಲಿ ಇಲ್ಲ. ನಾಲ್ಕೈದು ರಾತ್ರಿ ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ನೀನು ಒಂದು ರಾತ್ರಿಗೆ ಇಷ್ಟು ಯೋಚನೆ ಮಾಡ್ತಿದ್ದೀಯ.

ಮೊಮ್ಮಗಳು: ಅಮೆರಿಕದಲ್ಲಿ ಇದಕ್ಕೇ ಅಂತ ಜಾಗ ಬಿಟ್ಟಿರ್ತಾರೆ ತಾತ. ಪಾರ್ಕುಗಳಲ್ಲಿ ಕುದುರೆಯವರ ಕ್ಯಾಂಪ್‌ಗ್ರೌಂಡು. ‘ಪ್ರಿಮಿಟಿವ್’ ಅಂತ ಬೋರ್ಡಿದ್ದರೆ ಕರೆಂಟ್ ಇಲ್ಲ, ಶವರ್ ಇಲ್ಲ ಅಂತ ಅರ್ಥ. ಗುಂಡಿ ಪಾಯಿಖಾನೆ, ಇದ್ದರೆ ಒಂದು ಕೈಪಂಪು, ಕುದುರೆ ಕಟ್ಟೋಕೆ ಕಂಬ. ಅಷ್ಟೆ.

ತಾತ: ಅದು ನಮ್ಮ ಗುಂಡುತೋಪು ಕಣಮ್ಮ. ಬೋರ್ಡು ಹಾಕಿರಲಿಲ್ಲ, ಅಷ್ಟೆ ವ್ಯತ್ಯಾಸ. ಮೈಸೂರು ಸೀಮೆಯಲ್ಲಿ ಊರೂರಿಗೂ ಒಂದು ಗುಂಡುತೋಪು ಇತ್ತು. ಮಾವು, ಹುಣಸೆ, ಹೊಂಗೆ, ನೇರಳೆ. ಯಾರ ಸ್ವತ್ತೂ ಅಲ್ಲ, ಊರಿಂದು. ಗಾಡಿಯವರು ಮಧ್ಯಾಹ್ನ ನೊಗ ಇಳಿಸಿ, ಎತ್ತು ಬಿಚ್ಚಿ, ನೆರಳಲ್ಲಿ ಒಂದು ಜಾವ ಮಲಗಿ ಮುಂದೆ ಹೋಗ್ತಿದ್ದರು. ಪಕ್ಕದಲ್ಲೇ ಕುಂಟೆಯೋ ಕಟ್ಟೆಯೋ. ಬಾವಿ ಪಕ್ಕ ಕಲ್ಲುತೊಟ್ಟಿ. ನೀರು ಸೇದೋರು ಮನೆಗೆ ಒಂದು ಕೊಡ ಒಯ್ಯೋ ಮುಂಚೆ ತೊಟ್ಟಿಗೆ ಒಂದು ಕೊಡ ಸುರೀತಿದ್ದರು. ಯಾರ ದನ ಕುಡೀತದೆ ಅಂತ ಕೇಳ್ತಿರಲಿಲ್ಲ.

ಮೊಮ್ಮಗಳು: ಈಗ?

ತಾತ: ಈಗ ಕೆಲವು ತೋಪಲ್ಲಿ ಸಮುದಾಯ ಭವನ ಎದ್ದೈತೆ, ಕೆಲವು ಒತ್ತುವರಿ. ಕಲ್ಲುತೊಟ್ಟಿಯಲ್ಲಿ ಒಣಗಿದ ಎಲೆ. ಒಂದೊಂದು ಉಳ್ಕೊಂಡವೆ.

ಮೊಮ್ಮಗಳು: ನಾನು ನಿಮ್ಮ ಮಾವಿನ ತೋಪಲ್ಲೇ ಉಳಿಯೋಣ ಅಂತಿದ್ದೆ.

ತಾತ: ಈ ತಿಂಗಳಲ್ಲಾ? ಹೂ ಬಿಟ್ಟಾಗಿಂದ ಔಷಧಿ ಹೊಡೀತಾ ಇದ್ದೀವಿ. ಜಿಗಿಹುಳಕ್ಕೆ ಒಂದು, ಬೂದಿರೋಗಕ್ಕೆ ಒಂದು. ಮರದ ಮೇಲೆ ಹೊಡೆದದ್ದು ಕೆಳಗಿನ ಹುಲ್ಲಿಗೂ ಬೀಳ್ತದೆ. ನಿನ್ನ ಕುದುರೆ ರಾತ್ರಿಯೆಲ್ಲಾ ಆ ಹುಲ್ಲು ಮೇದರೆ ಬೆಳಗ್ಗೆ ಡಾಕ್ಟರನ್ನ ಹುಡುಕಬೇಕು. ಶ್ರೀನಿವಾಸಪುರದಲ್ಲಿ ಹೂವಿನ ಕಾಲದಲ್ಲಿ ಮಾವಿನ ತೋಪು ನೋಡೋಕೆ ಚೆಂದ, ಕಟ್ಟೋಕಲ್ಲ.

ಮೊಮ್ಮಗಳು: ಹಾಗಾದರೆ ಕೋಲಾರದ ಅಂತರಗಂಗೆ ಬೆಟ್ಟ?

ತಾತ: ಅದು ಕಾಡಿನ ಇಲಾಖೆ ಜಾಗ. ಅಪ್ಪಣೆ ಇಲ್ಲದೆ ರಾತ್ರಿ ಇರೋ ಹಾಗಿಲ್ಲ, ಬೆಂಕಿ ಹಾಕೋ ಹಾಗೇ ಇಲ್ಲ. ಮಾಘ ಮಾಸ ಕಳೀತಿದ್ದಂಗೆ ಬೆಟ್ಟದ ಹುಲ್ಲೆಲ್ಲಾ ಒಣಗಿ ಪಟಾಕಿ ಆಗಿರ್ತದೆ. ಅದೂ ಅಲ್ಲದೆ ಅದು ಬರೀ ಗುಂಡು. ಮೇಕೆ ಹತ್ತೋ ಜಾಗಕ್ಕೆ ಕುದುರೆ ಯಾಕೆ?

ಮೊಮ್ಮಗಳು: ಆವಣಿಗೇ ಕರ್ಕೊಂಡು ಹೋಗಲಾ? ಜಾತ್ರೆ ಹೊತ್ತಿಗೆ?

ತಾತ: ಆವಣಿಗೆ ಕುದುರೆ ಹೊಸದಲ್ಲ ಬಿಡು. ಸೀತಮ್ಮ ಲವಕುಶರನ್ನ ಹೆತ್ತದ್ದು ಅಲ್ಲೇ, ವಾಲ್ಮೀಕಿ ಆಶ್ರಮ ಇದ್ದದ್ದು ಅಲ್ಲೇ ಅಂತ ನಮ್ಮ ಕಡೆ ನಂಬಿಕೆ. ರಾಮನ ಯಜ್ಞದ ಕುದುರೆ ಕಟ್ಟಿಹಾಕಿ ಹುಡುಗರು ದಂಡಿನ ಜತೆ ಕಾದಾಡಿದ್ದೂ ಅಲ್ಲೇ ಅಂತಾರೆ.

ಮೊಮ್ಮಗಳು: ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲೂ ಆ ಕಥೆ ಬರುತ್ತೆ. ಆ ಕಾವ್ಯ ಇಡೀ ಒಂದು ಕುದುರೆ ಹಿಂದೆ ಹೋಗೋದೇ.

ತಾತ: ನಮ್ಮಜ್ಜನೂ ಅದನ್ನ ಹೇಳ್ತಿದ್ದ. ನನಗೆ ಚಿಕ್ಕಂದಿನಿಂದ ಒಂದೇ ಅನುಮಾನ. ಹುಡುಗರು ಕುದುರೆ ಕಟ್ಟಿದರು, ಸರಿ. ಯುದ್ಧ ಮುಗಿಯೋ ತನಕ ಅದಕ್ಕೆ ನೀರು ಕೊಟ್ಟವರು ಯಾರು?

ಮೊಮ್ಮಗಳು: (ನಗುತ್ತಾ) ಅದನ್ನ ಯಾವ ಕವಿಯೂ ಬರೆದ ಹಾಗಿಲ್ಲ.

ತಾತ: ಜಾತ್ರೇಲಿ ಕೇಳೋ ಮೊದಲ ಪ್ರಶ್ನೆ ಅದೇ. ಜಾತ್ರೆಗೆ ಮಾತ್ರ ಕುದುರೆ ತರಬೇಡ. ತಮಟೆ, ಪಟಾಕಿ, ಮೈಕು. ಮುಳಬಾಗಿಲು ಸೀಮೆ ಅಲ್ಲದೆ ಆಂಧ್ರದ ಕಡೆಯಿಂದಲೂ ತಮಿಳುನಾಡಿನಿಂದಲೂ ರಾಸುಗಳು ಬರ್ತವೆ. ಎತ್ತು ಅದಕ್ಕೆಲ್ಲಾ ಜಗ್ಗಲ್ಲ. ಕುದುರೆ?

ಮೊಮ್ಮಗಳು: ಬೆಚ್ಚುತ್ತೆ. ಒಂದು ಪ್ಲಾಸ್ಟಿಕ್ ಕವರ್ ಹಾರಿದರೂ ಬೆಚ್ಚುತ್ತೆ. ಹೆದರಿದರೆ ಮೊದಲು ಓಡೋದು, ಆಮೇಲೆ ನೋಡೋದು. ಅದರ ಸ್ವಭಾವವೇ ಹಾಗೆ.

ತಾತ: ಅದಕ್ಕೇ ಹೇಳಿದ್ದು. ಹಾಗೇ ದೇವಸ್ಥಾನದ ಕಲ್ಲುಕಂಬಕ್ಕೂ ಕಟ್ಟೋಕೆ ಹೋಗಬೇಡ. ನೊಳಂಬರ ಕಾಲದ ಗುಡಿಗಳು ಅವು. ಒಂದೇ ಆವರಣದಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ. ಪುರಾತತ್ವ ಇಲಾಖೆಯವರ ಕಾವಲಿರ್ತದೆ.

ಮೊಮ್ಮಗಳು: ಜಾತ್ರೇಲಿ ಬಿಡಾರ ಹೇಗೆ ಹಾಕ್ತಿದ್ದಿರಿ? ಮೊದಲಿಂದ ಹೇಳಿ.

ತಾತ: ಮೊದಲಿಂದ ಅಂದರೆ ನನ್ನ ತಪ್ಪಿನಿಂದ ಶುರು ಮಾಡಬೇಕು. ಹುಡುಗು ವಯಸ್ಸು, ನಾನೊಬ್ಬನೇ ಜೋಡಿ ಹೊಡ್ಕೊಂಡು ಹೋದ ಮೊದಲ ವರ್ಷ. ಕತ್ತಲಾಗಿತ್ತು. ಒಂದು ದೊಡ್ಡ ಮಾವಿನ ಮರದ ಬುಡ ಖಾಲಿ ಸಿಕ್ತು. ಎಂಥ ಅದೃಷ್ಟ ಅಂದುಕೊಂಡು ಅಲ್ಲೇ ಗೂಟ ಹೊಡೆದೆ. ಅಷ್ಟು ಜನ ಇರೋ ಜಾತ್ರೇಲಿ ಅಷ್ಟು ಒಳ್ಳೆ ನೆರಳು ಯಾಕೆ ಖಾಲಿ ಇತ್ತು ಅಂತ ಯೋಚಿಸಲಿಲ್ಲ. ನಡುರಾತ್ರಿ ಎತ್ತು ಒದರೋಕೆ ಶುರು ಮಾಡಿದವು. ಕಿವಿ ಒದರ್ತವೆ, ಕಾಲು ಝಾಡಿಸ್ತವೆ. ಲಾಟೀನು ಹಿಡಿದು ನೋಡ್ತೀನಿ, ಕೊಂಬೆ ತುಂಬಾ ಎಲೆ ಹೊಲೆದ ಗೂಡು. ಕೆಂಜಿಗ! ಹಗ್ಗದ ಮೇಲೆ ಸಾಲುಸಾಲಾಗಿ ಇಳಿದು ಮೈಯೆಲ್ಲಾ ಹತ್ತಿದ್ದವು. ಪಲಮನೇರು ಕಡೆಯ ಒಬ್ಬ ಎದ್ದು ಬಂದು, ತೆಲುಗಲ್ಲಿ ನನಗೆ ಚೆನ್ನಾಗಿ ಬೈದು, ತನ್ನ ಎತ್ತುಗಳ ಪಕ್ಕ ಜಾಗ ಕೊಟ್ಟ. ಬೈಗುಳ ಮುಗಿದ ಮೇಲೆ ಒಂದು ಮಾತು ಹೇಳಿದ: ಕಟ್ಟೋ ಮುಂಚೆ ಮೇಲೆ ನೋಡು, ಕೆಳಗೆ ನೋಡು, ಆಮೇಲೆ ಪಕ್ಕದವನನ್ನ ಕೇಳು.

ಮೊಮ್ಮಗಳು: ಮೇಲೆ ಅಂದರೆ ಗೂಡು, ಒಣಕೊಂಬೆ. ಕೆಳಗೆ?

ತಾತ: ಹುತ್ತ, ಗಾಜಿನ ಚೂರು, ಹಳೇ ತಂತಿ. ಆಮೇಲೆ ಗಿಡ. ಕಣಗಿಲೆ, ಹರಳು, ಲಂಟಾನ ಇದ್ದರೆ ಬಾಯಿಗೆ ಎಟಕದಷ್ಟು ದೂರ ಕಟ್ಟು. ಪಕ್ಕದ ಹೊಲದಲ್ಲಿ ಎಳೆ ಜೋಳ ಇದ್ದರೆ ಅಲ್ಲಿ ನಿಲ್ಲಲೇ ಬೇಡ. ನೀರಿಲ್ಲದೆ ಬಾಡಿದ ಎಳೆ ಜೋಳ ಮೇದು ನಿಂತಲ್ಲೇ ಬಿದ್ದ ದನಗಳನ್ನ ನೋಡಿದ್ದೀನಿ.

ಮೊಮ್ಮಗಳು: ಕಟ್ಟೋದು ಗೂಟಕ್ಕೇ ತಾನೇ?

ತಾತ: ಎತ್ತಿಗೆ ಗೂಟ ಸಾಕು. ಹಗ್ಗ ಕಾಲಿಗೆ ಸಿಕ್ಕಿದರೆ ಸುಮ್ಮನೆ ನಿಂತುಕೊಂಡು ನಿನ್ನ ಮುಖ ನೋಡ್ತದೆ. ಕುದುರೆ ಹಾಗೆ ನಿಲ್ತದಾ?

ಮೊಮ್ಮಗಳು: ಇಲ್ಲ. ಸಿಕ್ಕಿಹಾಕಿಕೊಂಡರೆ ಗಾಬರಿಯಲ್ಲಿ ಕಾಲು ಕುಯ್ದುಕೊಳ್ಳುತ್ತೆ. ನಮಗೆ ಬೇರೆ ರೀತಿ ಹೇಳಿಕೊಟ್ಟಿದ್ದಾರೆ. ಎರಡು ಮರದ ನಡುವೆ, ಕುದುರೆ ತಲೆಗಿಂತ ಎತ್ತರದಲ್ಲಿ ಒಂದು ಹಗ್ಗ ಬಿಗೀಬೇಕು. ಅದರಿಂದ ಕುದುರೆ ಹಗ್ಗ ಇಳಿಬಿಡಬೇಕು. ಮೂತಿ ನೆಲಕ್ಕೆ ತಾಗಿ ಹುಲ್ಲು ತಿನ್ನುವಷ್ಟು ಉದ್ದ, ಕಾಲು ತೂರದಷ್ಟು ಗಿಡ್ಡ. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳೋ ಹಾಗಿರಬೇಕು. ಮರಕ್ಕೆ ಅಗಲ ಪಟ್ಟಿ ಸುತ್ತಿ ಅದರ ಮೇಲೆ ಹಗ್ಗ. ಇಲ್ಲದಿದ್ದರೆ ತೊಗಟೆ ಕುಯ್ಯುತ್ತೆ.

ತಾತ: ಮರದ ತೊಗಟೆ ನೋಡ್ಕೋತಾರಾ? ಒಳ್ಳೆ ಮೇಷ್ಟ್ರು. ಇನ್ನು ಮೇವು?

ಮೊಮ್ಮಗಳು: ಅದರ ತೂಕ ಹತ್ತಿರ ಹತ್ತಿರ 500 ಕಿಲೋ. ನೂರಕ್ಕೆ ಎರಡರ ಲೆಕ್ಕದಲ್ಲಿ ದಿನಕ್ಕೆ 10 ಕಿಲೋ ಒಣಹುಲ್ಲು.

ತಾತ: ಎತ್ತಿನ ಲೆಕ್ಕವೂ ಅಷ್ಟೇ ಬೀಳ್ತದೆ. ಹೋದ ಕಡೆಯೇ ಕೊಂಡು ಹಾಕ್ತೀನಿ ಅಂತೀಯಾ?

ಮೊಮ್ಮಗಳು: ಇಲ್ಲ ತಾತ, ಅದು ತಿನ್ನೋ ಹುಲ್ಲನ್ನೇ ಒಯ್ಯಬೇಕು. ಎತ್ತಿಗೆ ಒಳಗೆ ದೊಡ್ಡ ಚೀಲ ಇದೆ, ತಿಂದದ್ದನ್ನ ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತೆ. ಕುದುರೆ ಹೊಟ್ಟೆ ಮೈಗೆ ಹೋಲಿಸಿದರೆ ಚಿಕ್ಕದು. ಸ್ವಲ್ಪ ಸ್ವಲ್ಪವೇ ದಿನವಿಡೀ ಮೇಯಬೇಕು. ಮೇವು ಒಮ್ಮೆಲೇ ಬದಲಾದರೆ, ಇಲ್ಲಾ ನೀರು ಕಮ್ಮಿ ಆದರೆ ಹೊಟ್ಟೆನೋವು ಬರುತ್ತೆ. ಕುದುರೆಗೆ ವಾಂತಿ ಮಾಡೋಕೂ ಆಗಲ್ಲ. ಆ ಹೊಟ್ಟೆನೋವಿಗೆ ಸತ್ತ ಕುದುರೆಗಳು ಎಷ್ಟೋ.

ತಾತ: ನೋಡು, ನಿನಗೇ ಗೊತ್ತಿದೆ. ಗೊತ್ತಿದ್ದೂ ಮೊದಲು ಟೆಂಟಿನ ಮಾತು ಆಡಿದೆ.

ಮೊಮ್ಮಗಳು: ಅಮೆರಿಕದ ಎಷ್ಟೋ ಪಾರ್ಕುಗಳಲ್ಲಿ ಇನ್ನೊಂದು ನಿಯಮ ಇದೆ. ಕಳೆಬೀಜ ಇಲ್ಲ ಅಂತ ಸರ್ಟಿಫಿಕೇಟ್ ಇರೋ ಹುಲ್ಲನ್ನೇ ತರಬೇಕು. ಅದು ನನಗೆ ಅತಿ ಅನಿಸಿತ್ತು.

ತಾತ: ಅತಿ ಏನಲ್ಲ. ಕಾಂಗ್ರೆಸ್ ಗಿಡ ಎಲ್ಲಿಂದ ಬಂತು ನಮಗೆ? 1950ರ ದಶಕದಲ್ಲಿ ಹೊರದೇಶದ ಗೋಧಿ ಜತೆ ಬಂತು ಅಂತಾರೆ. ಈಗ ಅದಿಲ್ಲದ ಬದು ತೋರಿಸು ನೋಡೋಣ. ಬೇರೆಯವರ ಜಾಗಕ್ಕೆ ಹೋಗೋನು ತನ್ನ ಕಸ ಬಿತ್ತಬಾರದು. ಸಗಣಿದು ಬೇರೆ ಲೆಕ್ಕ. ಜಾತ್ರೆ ಮುಗಿದ ಮೇಲೆ ಗೊಬ್ಬರ ಜಮೀನಿನವನಿಗೆ ಅಂತ ನಮ್ಮಲ್ಲಿ ಮಾತಿತ್ತು. ಬಾಡಿಗೆ ಅಂದರೆ ಅದೇ. ಗೂಟದ ಗುಂಡಿ ಮುಚ್ಚಿ, ಒಲೆ ಕಲ್ಲು ಪಕ್ಕಕ್ಕಿಟ್ಟು, ಬೂದಿಗೆ ನೀರು ಹೊಡೆದು ಹೊರಡೋದು.

ಮೊಮ್ಮಗಳು: ಕುದುರೆ ಲದ್ದಿಯನ್ನೂ ನೀರಿನಿಂದ ದೂರ ಒಯ್ದು ಹರವಬೇಕು ಅಂತಾರೆ, ನೊಣ ಕಮ್ಮಿ ಆಗುತ್ತೆ. ತಾತ, ಊಟಕ್ಕೆ ಏನು ಮಾಡ್ತಿದ್ದಿರಿ?

ತಾತ: ಇದೇ, ಈ ಹುರುಳಿ. ಸಾಯಂಕಾಲ ಮೂರು ಕಲ್ಲು ಇಟ್ಟು ದೊಡ್ಡ ಮಡಕೇಲಿ ಹುರುಳಿ ಬೇಯೋಕೆ ಇಡೋದು. ಚೆನ್ನಾಗಿ ಬೆಂದ ಮೇಲೆ ಕಟ್ಟು ಬಸಿಯೋದು. ಕಾಳು ಎತ್ತಿಗೆ, ಕಟ್ಟು ನಮಗೆ. ಆ ಕಟ್ಟಿಗೆ ಹುಣಸೆಹಣ್ಣು, ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುದಿಸಿದರೆ ಸಾರು. ಅದಕ್ಕೊಂದು ರಾಗಿ ಮುದ್ದೆ. ಪಲಮನೇರಿನವನು ಅದಕ್ಕೆ ಉಲವಚಾರು ಅಂದ, ನಾನು ಹುರುಳಿಕಟ್ಟು ಅಂದೆ. ರುಚಿ ಒಂದೇ. ಎತ್ತಿಗೆ ಬೇಯಿಸಿದ ಮಡಕೇಲೇ ನಮ್ಮ ಊಟ ಇತ್ತು. ಎತ್ತು ಉಣ್ಣದೆ ನಾವು ಉಂಡದ್ದಿಲ್ಲ.

ಮೊಮ್ಮಗಳು: ಇಂಗ್ಲಿಷಿನವರು ಹುರುಳಿಗೆ ‘ಹಾರ್ಸ್ ಗ್ರಾಮ್’ ಅಂತಲೇ ಹೆಸರಿಟ್ಟರು. ಕುದುರೆ ಕಾಳು ಅಂತ.

ತಾತ: ಅವರಿಗೆ ಕುದುರೆ ಕಾಣಿಸ್ತು. ಸಾರು ಕಾಣಿಸಲಿಲ್ಲ.

ಮೊಮ್ಮಗಳು: ಅವರಿಗೆ ಎತ್ತು ಕಾಣಿಸಿದ್ದು ಅದು ಸತ್ತ ಮೇಲೆ ತಾತ. 1791ರಲ್ಲಿ ಕಾರ್ನ್‌ವಾಲಿಸ್ ದೊರೆ ಟಿಪ್ಪು ಮೇಲೆ ದಂಡೆತ್ತಿ ಬಂದದ್ದು ಇದೇ ದಾರಿಯಲ್ಲಿ. ಘಟ್ಟ ಹತ್ತಿ, ಕೋಲಾರ, ಹೊಸಕೋಟೆ ಮೇಲೆ ಹೋಗಿ ಮಾರ್ಚ್ 21ಕ್ಕೆ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಹೋಗೋ ಹೊತ್ತಿಗೆ ಮೇವಿಲ್ಲ. ಫಿರಂಗಿ ಎಳೆಯೋ ಎತ್ತುಗಳು ಸತ್ತುಬಿದ್ದವು. ಅಷ್ಟು ದೂರ ಎಳಕೊಂಡು ಬಂದ ದೊಡ್ಡ ಫಿರಂಗಿಗಳನ್ನ ಕೈಯಾರೆ ಹಾಳುಮಾಡಿ ವಾಪಸ್ ಹೊರಟ.

ತಾತ: ಫಿರಂಗಿ ಎಷ್ಟು ದೊಡ್ಡದಾದರೇನು? ಬಣವೆ ಖಾಲಿ ಆದ ದಿನ ದಂಡೂ ಖಾಲಿ.

ಮೊಮ್ಮಗಳು: ನೀರಿನ ಮಾತಿಗೆ ಬರೋಣ. ಈಗ ಕೋಲಾರದ ಕೆರೆಗಳಲ್ಲಿ ನೀರಿದೆಯಲ್ಲ? ಕೆ.ಸಿ. ವ್ಯಾಲಿ ಬಂದ ಮೇಲೆ?

ತಾತ: ಐತೆ. 2018ರ ಜೂನಿನಿಂದ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಬಿಡ್ತಾವ್ರೆ. ಅಂತರ್ಜಲ ಏರಲಿ ಅಂತ ಬಿಟ್ಟ ನೀರು ಅದು, ಬೊಗಸೆ ತುಂಬಿ ಕುಡಿಯೋಕಲ್ಲ. ಕೆರೆ ಕಂಡ ತಕ್ಷಣ ಕುದುರೆ ಮೂತಿ ಇಳಿಸಬೇಡ. ಬೋರ್‌ವೆಲ್ ನೀರು ಕೇಳಿ ಹಿಡ್ಕೊ.

ಮೊಮ್ಮಗಳು: ಊರಿನ ಕಲ್ಲುತೊಟ್ಟಿ?

ತಾತ: ತುಂಬಿಸಿದ್ದರೆ ಎತ್ತಿಗೆ ಸರಿ.

ಮೊಮ್ಮಗಳು: ಕುದುರೆಗೆ ಬೇಡ ಅನಿಸುತ್ತೆ. ಗ್ಲ್ಯಾಂಡರ್ಸ್ ಅಂತ ಒಂದು ರೋಗ ಇದೆ. ಮೂಗಲ್ಲಿ ಸೋರೋದು, ಮೈಮೇಲೆ ಗಂಟು. ಒಂದೇ ತೊಟ್ಟಿ ನೀರಿನಿಂದ ಕುದುರೆಯಿಂದ ಕುದುರೆಗೆ ಹರಡುತ್ತೆ, ಮನುಷ್ಯರಿಗೂ ಬರುತ್ತೆ. ಅದಕ್ಕೆ ಅದರದೇ ಬಕೆಟ್ ಇರಬೇಕು.

ತಾತ: ನಮಗೂ ಆ ಬುದ್ಧಿ ಕಷ್ಟಪಟ್ಟೇ ಬಂತು. 2022ರ ಕೊನೇಲಿ ಚರ್ಮಗಂಟು ರೋಗ ಹಬ್ಬಿದಾಗ ದನಗಳ ಜಾತ್ರೆಗೇ ತಡೆ ಬಿತ್ತು. ನೂರಾರು ರಾಸು ಒಂದೆಡೆ ಸೇರಿದರೆ ರೋಗಕ್ಕೂ ಅದು ಜಾತ್ರೆಯೇ. ಡಾಕ್ಟರ ಚೀಟಿ ಇಲ್ಲದೆ ಲಾರಿ ಹತ್ತಿಸಬೇಡ.

ಮೊಮ್ಮಗಳು: ಹತ್ತಿಸೋ ಹಾಗೂ ಇಲ್ಲ. ಸಾಗಿಸೋಕೆ ಪಶುವೈದ್ಯರ ಸರ್ಟಿಫಿಕೇಟ್ ಬೇಕು ಅಂತ 1978ರಿಂದಲೇ ನಿಯಮ ಇದೆ.

ತಾತ: ಸವಾರಿ ಮಾಡ್ಕೊಂಡೇ ಬರೋ ಯೋಚನೆ ಇಲ್ಲ ತಾನೇ? ಹೆದ್ದಾರಿ ತುಂಬಾ ಲಾರಿ.

ಮೊಮ್ಮಗಳು: ಹೆದ್ದಾರಿಗೆ ಇಳಿಯಲ್ಲ. ಬಿಡಾರದ ಜಾಗದ ತನಕ ಗಾಡಿಯಲ್ಲಿ ತಂದು, ಸಂಜೆ ಹೊಲದ ದಾರಿಯಲ್ಲಿ ಒಂದೆರಡು ಗಂಟೆ ನಡಿಸ್ತೀನಿ. ಇನ್ನೊಂದು ಕೇಳಬೇಕು. ಎತ್ತುಗಳಿಗೆ ಹೊಸ ಜಾಗದಲ್ಲಿ ನೆಮ್ಮದಿ ಆಗಿದೆ ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?

ತಾತ: ಬಂದ ರಾತ್ರಿ ನಿಂತೇ ಇರ್ತವೆ. ಕಿವಿ ಒಂದು ಕಡೆ, ಕಣ್ಣು ಒಂದು ಕಡೆ. ನಾವು ಪಕ್ಕದಲ್ಲಿ ಕಂಬಳಿ ಹಾಸ್ಕೊಂಡು ಮಾತಾಡ್ತಾ ಇರ್ತೀವಿ, ನಮ್ಮ ದನಿ ಅವಕ್ಕೆ ಕೇಳ್ತಾ ಇರಬೇಕು. ಯಾವುದೋ ಹೊತ್ತಲ್ಲಿ ಒಂದು ಮುಂಗಾಲು ಮಡಚಿ, ಉಸ್ಸಂತ ಕೂತ್ಕೋತದೆ. ಸ್ವಲ್ಪ ಹೊತ್ತಿಗೆ ಮೆಲುಕು ಶುರು. ಕೊರಳ ಗೆಜ್ಜೆ ಮೆಲ್ಲಗೆ, ಒಂದೇ ಲೆಕ್ಕದಲ್ಲಿ ಆಡ್ತದೆ. ಆ ಸದ್ದು ಬಂತು ಅಂದರೆ ಬಿಡಾರ ಕೂತಿತು ಅಂತ ಅರ್ಥ. ಆಮೇಲೆ ನಮಗೆ ನಿದ್ದೆ.

ಮೊಮ್ಮಗಳು: ಕುದುರೆ ನಿಂತೇ ತೂಕಡಿಸುತ್ತೆ. ತಲೆ ಇಳಿಬಿಟ್ಟು, ಕೆಳತುಟಿ ಸಡಿಲ ಆಗಿ, ಒಂದು ಹಿಂಗಾಲು ಮಡಚಿದರೆ ನೆಮ್ಮದಿಯಾಗಿದೆ ಅಂತ. ಗಾಢ ನಿದ್ದೆಗೆ ಮಾತ್ರ ಅದೂ ಮಲಗಲೇಬೇಕು. ಧೈರ್ಯ ಇಲ್ಲದ ಜಾಗದಲ್ಲಿ ಮಲಗಲ್ಲ. ಜತೆಗೆ ಇನ್ನೊಂದು ಕುದುರೆ ಕಾವಲಿಗೆ ನಿಂತಿದ್ದರೆ ಮಲಗುತ್ತೆ.

ತಾತ: ಮತ್ತೆ ಒಂಟಿ ಕುದುರೆ ಯಾಕೆ ತರ್ತೀಯ? ಎತ್ತಿಗೆ ಜೋಡಿ ಇರೋದು ನೊಗಕ್ಕೆ ಮಾತ್ರ ಅಲ್ಲ. ಸವಾರಿ ಶಾಲೆಯಿಂದ ಇನ್ನೊಬ್ಬಳನ್ನ, ಅವಳ ಕುದುರೆಯನ್ನ ಕರ್ಕೊಂಡು ಬಾ.

ಮೊಮ್ಮಗಳು: ಎಲ್ಲಿಗೆ ಬರಲಿ? ನೀವು ಒಂದೊಂದೇ ಜಾಗ ಅಳಿಸಿಹಾಕಿದಿರಲ್ಲ.

ತಾತ: ನಮ್ಮೂರ ಗುಂಡುತೋಪು ಉಳಿದೈತೆ. ಹೊಂಗೆ, ಹುಣಸೆ, ಔಷಧಿ ಹೊಡೆಯೋ ಮರ ಒಂದೂ ಇಲ್ಲ. ಪಂಚಾಯ್ತಿಗೆ ಹೋಗಿ ಹೇಳು, ಊರಿನ ಹಿರೀಕರಿಗೂ ಒಂದು ಮಾತು ಹಾಕು. ಬೋರ್‌ವೆಲ್ಲು ಕೂಗಳತೆ ದೂರದಲ್ಲಿ. ಬೆಂಕಿ ಬೇಡ, ಅಡುಗೆ ಮನೇಲಿ ಆಗ್ತದೆ, ನಾನು ತರ್ತೀನಿ. ಏನಾದರೂ ಆದರೆ ಓಡಿ ಬರೋಕೆ ನಾವಿದ್ದೀವಿ. ಮೊದಲ ಸಲಕ್ಕೆ ಇದಕ್ಕಿಂತ ದೂರ ಹೋಗಬೇಡ.

ಮೊಮ್ಮಗಳು: ಅದು ಮನೆಯಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ ತಾತ! ಅದನ್ನ ಕ್ಯಾಂಪಿಂಗ್ ಅಂತಾರಾ?

ತಾತ: ಕುದುರೆಯನ್ನ ಕೇಳು. ಅದಕ್ಕೆ ಅದು ಪರದೇಶ.

ಮೊಮ್ಮಗಳು: ಸರಿ. ಲೆಕ್ಕ ಹಾಕೋಣ. ಎರಡು ಕುದುರೆ, ಒಂದು ಹಗಲು ಒಂದು ರಾತ್ರಿ. ಹುಲ್ಲು 20 ಕಿಲೋ, ಕೈಯಲ್ಲಿ ಇರಲಿ ಅಂತ ಇನ್ನು 10. ನೀರು 100 ಲೀಟರ್. ಬಕೆಟ್ ನಾಲ್ಕು. ಹಗ್ಗ, ಮರಕ್ಕೆ ಪಟ್ಟಿ, ಟಾರ್ಚು, ಗೊರಸು ಕೆರೆಯೋ ಕೊಕ್ಕೆ, ಡಾಕ್ಟರ ನಂಬರು. ಜಾಗ ಕತ್ತಲಾಗೋ ಮುಂಚೆಯೇ ನೋಡಿಡ್ತೀನಿ. ಮೇಲೆ, ಕೆಳಗೆ.

ತಾತ: ಟೆಂಟು?

ಮೊಮ್ಮಗಳು: ಅಯ್ಯೋ, ಮರೆತೇಬಿಟ್ಟೆ.

ತಾತ: ಮರೆತೆಯಲ್ಲ, ಈಗ ಹೋಗಬಹುದು. ಇನ್ನೊಂದೇ ಮಾತು. ರಾತ್ರಿ ಎರಡು ಗಂಟೆಗೆ ಒಬ್ಬರು ಎದ್ದು ಬಕೆಟ್ಟಲ್ಲಿ ನೀರು ಇದೆಯಾ, ಹಗ್ಗ ಸಡಿಲ ಇದೆಯಾ ನೋಡಬೇಕು. ಏಳ್ತೀನಿ ಅಂದರೆ ಕುದುರೆ ಕರ್ಕೊಂಡು ಬಾ. ಏಳಲ್ಲ ಅಂದರೆ ಬೈಕಲ್ಲಿ ಬಾ. ಅದಕ್ಕೆ ರಾತ್ರಿ ಬಾಯಾರಿಕೆ ಆಗಲ್ಲ.